ರೀಫ್ ಟ್ಯಾಂಕಿನ ಬ್ರಯೋಪ್ಸಿಸ್ ಪಾಚಿಗೆ ಫ್ಲುಕೊನಜೋಲ್: ವರ್ಷ ಕಳೆದ ಮೇಲೆ ಬರೆದ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿನಲ್ಲಿ, ಹಿಡಿದಿರುವುದು ಬ್ರಯೋಪ್ಸಿಸ್ ಅನ್ನುವ ಹಸಿರು ಪಾಚಿಯೇ ಅಂತ ಖಾತ್ರಿಯಾಗಿದ್ದರೆ ಫ್ಲುಕೊನಜೋಲ್ ಅನ್ನುವ ಫಂಗಸ್ ಮದ್ದು ಹಾಕಿ, ಕೆಲಸ ಮಾಡುತ್ತದೆ. ಯಾವ ಪಾಚಿ ಅಂತಲೇ ಗೊತ್ತಿಲ್ಲದಿದ್ದರೆ ಸದ್ಯಕ್ಕೆ ಬೇಡ. ಇದು ಎಲ್ಲ ಪಾಚಿಗೂ ಆಗುವ ಮದ್ದಲ್ಲ.

ನನ್ನ ಟ್ಯಾಂಕ್ ಬೆಂಗಳೂರಿನ ಮನೆಯಲ್ಲಿದೆ. ಸಂಪ್ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಸೇರಿ ಸುಮಾರು 200 ಲೀಟರ್ ನೀರು. ಒಂದು ಜೋಡಿ ಕ್ಲೌನ್ ಮೀನು, ಒಂದು ರಾಯಲ್ ಗ್ರಾಮಾ, ಜೊತೆಗೆ ಮಶ್ರೂಮ್, ಜೊವಾಂಥಿಡ್, ಲೆದರ್ ಅನ್ನುವ ಮೆತ್ತನೆ ಹವಳಗಳು. ಗಟ್ಟಿ ಹವಳ ಇಟ್ಟಿಲ್ಲ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ನಮ್ಮ ಸಮುದ್ರದ ಹವಳ ಸಮುದ್ರದಲ್ಲೇ ಇರಬೇಕು ಅನ್ನುವುದು ನನ್ನ ನಂಬಿಕೆಯೂ ಹೌದು. ಹಾಗಾಗಿ ಇಲ್ಲಿ ಬರೆದಿರುವುದೆಲ್ಲ ಮೆತ್ತನೆ ಜಾತಿಯ ಹವಳಗಳ ಟ್ಯಾಂಕಿನ ಅನುಭವ ಅಂತಲೇ ಓದಿಕೊಳ್ಳಿ.

ಪಾಚಿ ಗುರುತಿಸುವುದು ಹೇಗೆ? ಒಂದು ಕುಚ್ಚು ಕಿತ್ತು, ಬಿಳಿ ಬಟ್ಟಲಿನಲ್ಲಿ ಅದೇ ಟ್ಯಾಂಕಿನ ನೀರು ಹಾಕಿ ಬಿಡಿ. ಮೊಬೈಲ್ ಟಾರ್ಚ್ ಹಿಡಿದು ನೋಡಿ. ನಡುವೆ ಒಂದು ದಂಟು, ಅದರ ಎರಡೂ ಬದಿಗೆ ಸಾಲಾಗಿ ಸಣ್ಣ ಎಳೆಗಳು, ತುದಿಗೆ ಹೋದಂತೆ ಗಿಡ್ಡವಾಗುತ್ತಾ ಜರಿಗಿಡದ ಎಲೆಯಂತೆ ಕಂಡರೆ ಅದು ಬ್ರಯೋಪ್ಸಿಸ್. ಕೆಲವು ಜಾತಿಗಳಲ್ಲಿ ಎಳೆಗಳು ದಂಟಿನ ಸುತ್ತಲೂ ಬರುತ್ತವೆ, ಆಗ ಗುರುತು ಹಿಡಿಯುವುದು ಸ್ವಲ್ಪ ಕಷ್ಟ. ಕವಲಿಲ್ಲದ ನೂಲು ನೂಲು ಎಳೆ ಮಾತ್ರ ಇದ್ದರೆ ಅದು ಬೇರೆ, ನಾವೆಲ್ಲ ಹೇರ್ ಆಲ್ಗೆ ಅನ್ನುತ್ತೇವಲ್ಲ, ಅದು. ಅದರಲ್ಲೂ ಡರ್ಬೀಸಿಯಾ ಆದರೆ ಈ ಮದ್ದಿಗೆ ಬಗ್ಗುವುದುಂಟು. ಹಸಿರು ಗುಳ್ಳೆಯ ವಲೋನಿಯಾ ಇದ್ದರೆ ಇದನ್ನು ನಂಬಿ ಕೂರಬೇಡಿ. ಕೆಂಪು ಪೊರೆ ಕಟ್ಟುವ ಸಯನೋ ಅಂತೂ ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಅದಕ್ಕೆ ಇದರಿಂದ ಏನೂ ಆಗುವುದಿಲ್ಲ.

ಬ್ರಯೋಪ್ಸಿಸ್ ಇಷ್ಟು ಹಟಮಾರಿ ಯಾಕೆ ಅಂದರೆ ಅದರ ಮೈಕಟ್ಟೇ ಹಾಗಿದೆ. ಒಂದೊಂದು ಎಳೆಯೂ ನಡುವೆ ಗೋಡೆಯಿಲ್ಲದ ಒಂದೇ ಉದ್ದನೆಯ ಜೀವಕೋಶ, ಒಳಗೆ ಲೆಕ್ಕವಿಲ್ಲದಷ್ಟು ನ್ಯೂಕ್ಲಿಯಸ್. ಹರಿದರೆ ಹರಿದ ಜಾಗವನ್ನು ತಾನೇ ಮುಚ್ಚಿಕೊಂಡು ಆ ತುಂಡೇ ಹೊಸ ಗಿಡವಾಗುತ್ತದೆ. ಹಲ್ಲುಜ್ಜುವ ಬ್ರಷ್ ಹಿಡಿದು ಟ್ಯಾಂಕ್ ಒಳಗೇ ಉಜ್ಜಿದರೆ ಒಂದು ಕಲ್ಲಿನಲ್ಲಿದ್ದದ್ದು ನಾಲ್ಕು ಕಲ್ಲಿಗೆ ಹರಡುತ್ತದೆ. ಟರ್ಬೋ, ಟ್ರೋಕಸ್ ಬಸವನಹುಳುಗಳು ಹೇರ್ ಆಲ್ಗೆಯನ್ನು ಚೆನ್ನಾಗಿ ಮೇಯುತ್ತವೆ, ಇದರ ಹತ್ತಿರ ಮಾತ್ರ ಸುಳಿಯಲಿಲ್ಲ. ಲೆಟಸ್ ಸೀ ಸ್ಲಗ್ ಇದನ್ನು ತಿನ್ನುತ್ತದೆ ನಿಜ. ಪಾಚಿಯ ರಸ ಹೀರಿ, ಅದರ ಕ್ಲೋರೋಪ್ಲಾಸ್ಟನ್ನು ತನ್ನ ಮೈಯಲ್ಲೇ ಇಟ್ಟುಕೊಳ್ಳುವ ಅಪರೂಪದ ಜೀವಿ ಅದು. ಆದರೆ ನೀರಿನಲ್ಲಿ ಅಲೆ ಎಬ್ಬಿಸುವ ವೇವ್‌ಮೇಕರ್ ಪಂಪಿಗೆ ಸಿಕ್ಕಿ ಸಾಯುವ ಸಾಧ್ಯತೆ ಜಾಸ್ತಿ, ಪಾಚಿ ಮುಗಿದ ಮೇಲೆ ಹಸಿವಿನಿಂದ ಸಾಯುತ್ತದೆ. ನಮ್ಮ ಪಾಚಿಗಾಗಿ ಅದನ್ನು ತಂದು ಸಾಯಿಸಲು ನನಗೆ ಮನಸ್ಸು ಬರಲಿಲ್ಲ.

ಹಳಬರು ಮೆಗ್ನೀಸಿಯಂ ಏರಿಸುತ್ತಿದ್ದರು. ಸಮುದ್ರದ ನೀರಿನಲ್ಲಿ ಅದು ಸುಮಾರು 1300 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ). ಕೆಂಟ್ ಟೆಕ್ ಎಂ ಅನ್ನುವ ಮೆಗ್ನೀಸಿಯಂ ದ್ರಾವಣ ಹಾಕಿ 1600ರ ಮೇಲೆ ಒಯ್ದು ವಾರಗಟ್ಟಲೆ ಅಲ್ಲೇ ಹಿಡಿಯುವುದು. ಕೆಲವರಿಗೆ ಫಲ ಸಿಕ್ಕಿದೆ. ಆದರೆ ಬಸವನಹುಳುಗಳಿಗೆ ತ್ರಾಸು, ಖರ್ಚೂ ಜಾಸ್ತಿ.

ಫ್ಲುಕೊನಜೋಲ್ ಅಂದರೆ ಮನುಷ್ಯರಿಗೆ ಫಂಗಸ್ ಸೋಂಕಿಗೆ ಕೊಡುವ ಅದೇ ಔಷಧಿ. ಫಂಗಸ್‌ನ ಜೀವಕೋಶದ ಪೊರೆಗೆ ಎರ್ಗೊಸ್ಟೆರಾಲ್ ಬೇಕು, ಅದು ತಯಾರಾಗುವುದನ್ನು ಇದು ತಡೆಯುತ್ತದೆ. ಹಸಿರು ಪಾಚಿಗಳೂ ತಮ್ಮ ಪೊರೆಗೆ ಅಂಥದೇ ಸ್ಟೆರಾಲ್‌ಗಳನ್ನು ತಯಾರಿಸಿಕೊಳ್ಳುತ್ತವೆ. ಕಲ್ಲಿನಲ್ಲಿದ್ದು ಅಮೋನಿಯಾ ಕರಗಿಸುವ ನೈಟ್ರಿಫೈಯಿಂಗ್ ಬ್ಯಾಕ್ಟೀರಿಯಾಗಳಿಗೆ ಆ ದಾರಿಯೇ ಇಲ್ಲ, ಅದಕ್ಕೇ ಅವು ನಡೆಸುವ ಬಯೋ ಫಿಲ್ಟರ್ ಕೆಡುವುದಿಲ್ಲ. ಕೋರ್ಸ್ ಉದ್ದಕ್ಕೂ ಅಮೋನಿಯಾ ನೋಡುತ್ತಿದ್ದೆ, ಒಮ್ಮೆಯೂ ಏರಲಿಲ್ಲ.

ಅಕ್ವೇರಿಯಂಗೆಂದೇ ಮಾಡಿದ ಪುಡಿ ಸಿಗುತ್ತದೆ, ಬ್ಲೂ ಲೈಫ್‌ನವರ ಫ್ಲಕ್ಸ್ ಆರ್‌ಎಕ್ಸ್ ಥರದ್ದು. ಮೆಡಿಕಲ್ ಶಾಪ್‌ನ 150 ಮಿಲಿಗ್ರಾಂ ಮಾತ್ರೆಯಲ್ಲೂ ಇರುವುದು ಅದೇ ಔಷಧಿ. ಆದರೆ ಅದಕ್ಕೆ ಡಾಕ್ಟರ್ ಚೀಟಿ ಬೇಕು, ಮಾತ್ರೆ ಕಟ್ಟಲು ಹಾಕಿದ ಹಿಟ್ಟೂ ನೀರಿಗೆ ಸೇರುತ್ತದೆ. ನಾನು ಪುಡಿಯನ್ನೇ ಬಳಸಿದ್ದೇನೆ. ಒಂದು ದೂರು ಇದೆ: ಆನ್‌ಲೈನ್‌ನಲ್ಲಿ ತರಿಸಿದ ಒಂದು ಪ್ಯಾಕ್‌ನ ಮೇಲೆ ಒಳಗೆ ಎಷ್ಟು ಮಿಲಿಗ್ರಾಂ ಔಷಧಿ ಇದೆ ಅಂತ ಬರೆದಿರಲೇ ಇಲ್ಲ, ‘ಒಂದು ಚಮಚ’ ಅಂತಷ್ಟೇ ಇತ್ತು. ಅದನ್ನು ವಾಪಸ್ ಕಳಿಸಿದೆ. ಮಿಲಿಗ್ರಾಂ ಬರೆಯದ ಪುಡಿಯನ್ನು ಯಾರೂ ತಗೋಬೇಡಿ.

ಅಳತೆ ಗ್ಯಾಲನ್‌ಗೆ 20 ಮಿಲಿಗ್ರಾಂ, ಅಂದರೆ ಲೀಟರ್‌ಗೆ ಸುಮಾರು 5. ಟ್ಯಾಂಕಿನ ಗಾತ್ರವಲ್ಲ, ಕಲ್ಲು ಮರಳು ಕಳೆದು ಉಳಿಯುವ ನೀರನ್ನು ಲೆಕ್ಕ ಹಾಕಬೇಕು. ನನ್ನ 200 ಲೀಟರ್‌ಗೆ 1000 ಮಿಲಿಗ್ರಾಂ ಆಯಿತು. ಪುಡಿ ಬೇಗ ಕರಗುವುದಿಲ್ಲ. ಉಗುರುಬೆಚ್ಚಗಿನ ಆರ್‌ಒ ನೀರಿನಲ್ಲಿ ಚೆನ್ನಾಗಿ ಕಲಸಿ, ಸಂಪ್‌ನಲ್ಲಿ ಪಂಪ್ ಎಳೆಯುವ ಕಡೆ ನಿಧಾನಕ್ಕೆ ಸುರಿದೆ. ಔಷಧಿಯನ್ನು ಹೀರಿಕೊಳ್ಳುವ ಕಾರ್ಬನ್ (ಫಿಲ್ಟರ್‌ನ ಇದ್ದಿಲು) ತೆಗೆದಿಟ್ಟೆ, ಯುವಿ ದೀಪ ಆರಿಸಿದೆ. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಓಡುತ್ತಲೇ ಇತ್ತು, ಕೊಳೆ ಸೇರುವ ಕಪ್ ಮಾತ್ರ ತೆಗೆದಿದ್ದೆ. ಗಾಳಿ ಮುಖ್ಯ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ, ನಮ್ಮಲ್ಲಿ ಕರೆಂಟ್ ಹೋಗುವುದೂ ಇದ್ದದ್ದೇ. ಬ್ಯಾಟರಿಯ ಏರ್ ಪಂಪ್ ಒಂದು ಪಕ್ಕದಲ್ಲಿರಲಿ. ಎರಡು ವಾರ ನೀರು ಬದಲಿಸಬಾರದು.

ಮೊದಲ ಕೆಲವು ದಿನ ಏನೂ ಆಗುವುದಿಲ್ಲ. ಇಲ್ಲೇ ಎಷ್ಟೋ ಜನ ತಾಳ್ಮೆ ಕಳೆದುಕೊಂಡು ಇನ್ನೊಂದು ಡೋಸ್ ಸುರಿಯುತ್ತಾರೆ. ಬೇಡ, ಕಾಯಿರಿ. ವಾರ ಕಳೆಯುವ ಹೊತ್ತಿಗೆ ಕಡುಹಸಿರು ತಿಳಿಹಸಿರಾಯಿತು. ಆಮೇಲೆ ತುದಿಗಳು ಬಣ್ಣವಿಲ್ಲದೆ ಪಾರದರ್ಶಕವಾದವು. ಎರಡನೇ ವಾರದಲ್ಲಿ ಟರ್ಕಿ ಬೇಸ್ಟರ್‌ನಿಂದ (ರಬ್ಬರ್ ಬಲ್ಬ್ ಇರುವ ಉದ್ದ ಪಿಚಕಾರಿ) ನೀರು ಚಿಮ್ಮಿಸಿದರೆ ಕುಚ್ಚು ಬುಡದಿಂದಲೇ ಕಳಚಿ ಬರುತ್ತಿತ್ತು. ಮೊದಲು ಇಕ್ಕಳ ಹಾಕಿ ಎಳೆದರೂ ಬುಡ ಬಿಡದಿದ್ದ ಪಾಚಿ ಅದು! ಹೀಗೆ ಬಿದ್ದದ್ದನ್ನು ನೆಟ್‌ನಲ್ಲಿ ಹಿಡಿದು ಆಚೆ ಹಾಕಿ, ಒಳಗೇ ಕೊಳೆಯಲು ಬಿಡಬೇಡಿ. ಮೀನು, ಸಿಗಡಿ, ಬಸವನಹುಳು ಎಲ್ಲ ಆರಾಮಾಗಿದ್ದವು. ಲೆದರ್ ಮಾತ್ರ ಒಂದೆರಡು ದಿನ ಮುಚ್ಚಿಕೊಂಡು, ಆಮೇಲೆ ತಾನಾಗಿಯೇ ಅರಳಿತು. ಪೋಷಕಾಂಶ ಹೀರಲೆಂದು ಸಂಪ್‌ನಲ್ಲಿ ಬೆಳೆಸುವ ಕೀಟೋಮಾರ್ಫಾ ಪಾಚಿಯ ಬೆಳವಣಿಗೆ ಸ್ವಲ್ಪ ಕುಂಟಿತು, ಸಾಯಲಿಲ್ಲ. ಕಾಲರ್ಪಾ, ಹಲಿಮೀಡಾ ಪಾಚಿ ಬೆಳೆಸುವವರು ಹುಷಾರು. ಅವು ಬ್ರಯೋಪ್ಸಿಸ್‌ನ ಗಣಕ್ಕೇ ಸೇರಿದ ಗಿಡಗಳು, ಬೇರೆ ಟ್ಯಾಂಕಿಗೆ ಸಾಗಿಸಿಬಿಡಿ.

ಇನ್ನು ವರ್ಷದ ಮಾತು. ಇದನ್ನು ಬರೆಯಬೇಕು ಅನ್ನಿಸಿದ್ದೇ ಇದಕ್ಕಾಗಿ. ಹೊಗಳಿಕೆಯ ವಿಮರ್ಶೆಗಳೆಲ್ಲ ಹದಿನಾಲ್ಕನೇ ದಿನಕ್ಕೆ ಮುಗಿದಿರುತ್ತವೆ, ಆದರೆ ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಪಾಚಿ ತನ್ನೊಳಗೆ ಹಿಡಿದಿಟ್ಟಿದ್ದ ಫಾಸ್ಫೇಟ್, ನೈಟ್ರೇಟ್ ಎಲ್ಲ ವಾಪಸ್ ನೀರಿಗೆ ಬರುತ್ತದೆ. ಹನ್ನಾ ಚೆಕರ್‌ನಲ್ಲಿ (ನೀರು ಪರೀಕ್ಷಿಸುವ ಪುಟ್ಟ ಮೀಟರ್) 0.1 ಪಿಪಿಎಂ ಒಳಗೆ ತೋರಿಸುತ್ತಿದ್ದ ಫಾಸ್ಫೇಟ್ 0.2 ದಾಟಿತು. ಕಲ್ಲುಗಳೆಲ್ಲ ಬೋಳಾಗಿವೆ, ಊಟ ತುಂಬಿದೆ. ಆ ಜಾಗಕ್ಕೆ ಯಾರು ಮೊದಲು ಬರುತ್ತಾರೆ ಅನ್ನುವುದೇ ಪ್ರಶ್ನೆ, ಅಲ್ವಾ? ನನ್ನಲ್ಲಿ ಮೊದಲು ಡಯಾಟಮ್ ಅನ್ನುವ ಕಂದು ಪಾಚಿ, ಆಮೇಲೆ ಅಲ್ಲಲ್ಲಿ ಸಯನೋ ಬಂತು.

ಕಾರ್ಬನ್ ಹಾಕಿ, ಆಮೇಲೆ ದೊಡ್ಡದಾಗಿ ನೀರು ಬದಲಿಸಿದೆ. ಫಾಸ್ಫೇಟ್ ಹೀರುವ ಜಿಎಫ್‌ಒ (ಕಬ್ಬಿಣದ ಆಕ್ಸೈಡ್ ಹರಳು) ಅನ್ನು ಡಬ್ಬಿಯಲ್ಲಿ ಹೇಳಿದ್ದರ ಕಾಲು ಭಾಗದಿಂದ ಶುರುಮಾಡಿದೆ, ಯಾಕೆಂದರೆ ಫಾಸ್ಫೇಟ್ ಒಮ್ಮೆಲೇ ಇಳಿದರೆ ಹವಳಗಳಿಗೆ ಆಘಾತವಾಗುತ್ತದೆ. ಇಳಿಸಿದರೂ ಕೆಲವು ದಿನಕ್ಕೆ ಮತ್ತೆ ಏರುತ್ತಿತ್ತು. ಕಲ್ಲು, ಮರಳು ಫಾಸ್ಫೇಟ್ ಹೀರಿಕೊಂಡು ಕೂತಿರುತ್ತವೆ, ನೀರಿನಲ್ಲಿ ಕಡಿಮೆಯಾದಂತೆ ನಿಧಾನಕ್ಕೆ ಬಿಡುತ್ತವೆ. ಇದು ತಿಂಗಳುಗಟ್ಟಲೆ ನಡೆಯಿತು. ಸೊನ್ನೆಗೆ ಇಳಿಸುವ ಹಟ ಬೇಡ. ಫಾಸ್ಫೇಟ್, ನೈಟ್ರೇಟ್ ಎರಡೂ ಸೊನ್ನೆಯಾದ ಟ್ಯಾಂಕಿನಲ್ಲಿ ಡೈನೋಫ್ಲಾಜಲೇಟ್ ಅನ್ನುವ ಸೂಕ್ಷ್ಮಜೀವಿ ಬರುವ ಭಯವಿದೆ, ಅದು ಬ್ರಯೋಪ್ಸಿಸ್‌ಗಿಂತ ದೊಡ್ಡ ತಲೆನೋವು. ನಾನು ಫಾಸ್ಫೇಟ್ 0.05ರ ಆಸುಪಾಸಿನಲ್ಲಿ, ನೈಟ್ರೇಟ್ 5ರ ಹತ್ತಿರ ಇಟ್ಟುಕೊಂಡಿದ್ದೇನೆ.

ಬದಲಾವಣೆ ಅಂದರೆ ಇಷ್ಟೇ: ಫ್ರೋಜನ್ ಮೈಸಿಸ್ (ಮೀನಿಗೆ ಹಾಕುವ ಪುಟ್ಟ ಸಿಗಡಿಯಂಥ ಊಟ) ಅನ್ನು ಕರಗಿಸಿ, ಆ ನೀರು ಬಸಿದು ಹಾಕುತ್ತೇನೆ. ಆರ್‌ಒ ಆದ ಮೇಲೆ ಉಳಿದ ಲವಣ ಹಿಡಿಯುವ ಡಿಐ ರೆಸಿನ್ ದಾಟಿ ಬರುವ ನೀರು ಟಿಡಿಎಸ್ (ಕರಗಿದ ಲವಣ) ಮೀಟರ್‌ನಲ್ಲಿ 0 ತೋರಿಸದಿದ್ದರೆ ಬಳಸುವುದಿಲ್ಲ. ನಮ್ಮ ಬೀದಿಯಲ್ಲಿ ಒಂದು ವಾರ ಕಾವೇರಿ, ಇನ್ನೊಂದು ವಾರ ಟ್ಯಾಂಕರ್‌ನ ಬೋರ್ ನೀರು. ಬೋರ್ ನೀರು ಬಂದಾಗ ರೆಸಿನ್ ಎಷ್ಟು ಬೇಗ ಬಣ್ಣ ಬದಲಿಸುತ್ತದೆ ಅಂತ ನೋಡಿದರೆ ಗಾಬರಿಯಾಗುತ್ತದೆ. ಸಂಪ್‌ನ ಕೀಟೋಮಾರ್ಫಾಗೆ ರಾತ್ರಿ ಹೊತ್ತು ಬೆಳಕು ಕೊಡುತ್ತೇನೆ, ಬೆಳೆದಷ್ಟೂ ಕಿತ್ತು ಎಸೆಯುತ್ತೇನೆ. ಬೋಳು ಕಲ್ಲಿನ ಮೇಲೆ ಈಗ ಟ್ರೋಕಸ್ ಮೇಯುತ್ತಿವೆ, ಅಲ್ಲಲ್ಲಿ ಕಲ್ಲಿಗೆ ಗಟ್ಟಿಯಾಗಿ ಅಂಟುವ ನೇರಳೆ ಕೋರಲೈನ್ ಪಾಚಿ ಹಿಡಿದಿದೆ.

ಬ್ರಯೋಪ್ಸಿಸ್ ಮತ್ತೆ ಬಂತಾ? ಬಂತು, ಹೊಸ ಜೊವಾಂಥಿಡ್‌ನ ಪ್ಲಗ್‌ಗೆ (ಹವಳದ ತುಂಡು ಕೂರಿಸುವ ಪುಟ್ಟ ಬುಡ) ಅಂಟಿಕೊಂಡು. ಮತ್ತೆ ಅದೇ ಅಳತೆ ಹಾಕಿದೆ, ಅದೇ ಥರ ಹೋಯಿತು. ಈ ಸಲ ಪೋಷಕಾಂಶ ಹಿಡಿತದಲ್ಲಿದ್ದುದರಿಂದ ಆಮೇಲಿನ ಸಯನೋ ಕಾಟ ಇರಲಿಲ್ಲ. ಈಗ ಹೊಸ ಫ್ರ್ಯಾಗ್ (ಹವಳದ ತುಂಡು) ಬಂದರೆ ಪ್ಲಗ್ ಕತ್ತರಿಸಿ ಎಸೆದು ಹೊಸದಕ್ಕೆ ಅಂಟಿಸುತ್ತೇನೆ. ಆಗದಿದ್ದರೆ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡನ್ನು ಪಾಲಿಪ್‌ಗೆ (ಹವಳದ ಜೀವಿಗೆ) ತಾಗದಂತೆ ಪ್ಲಗ್‌ಗೆ ಹಚ್ಚಿ ತೊಳೆಯುತ್ತೇನೆ.

5ಕ್ಕೆ 4 ಕೊಡುತ್ತೇನೆ. ಕಳೆದ ಒಂದು ಅಂಕ ಔಷಧಿಯದ್ದಲ್ಲ, ಡೋಸ್ ಮುಗಿದ ಮೇಲೆ ಏನು ಮಾಡಬೇಕು ಅಂತ ಪ್ಯಾಕ್‌ನಲ್ಲಿ ಒಂದು ಸಾಲೂ ಇಲ್ಲದ್ದಕ್ಕೆ. ಇನ್ನೊಂದು ಮಾತು, ದಯವಿಟ್ಟು ಕೇಳಿ. ಕೋರ್ಸ್ ಮುಗಿದ ತಕ್ಷಣ ಆ ನೀರನ್ನು ಮೋರಿಗೆ ಸುರಿಯಬೇಡಿ. ಇದು ಜನರ ಜೀವ ಉಳಿಸುವ ಔಷಧಿ, ಫಂಗಸ್‌ಗಳು ಇದಕ್ಕೆ ಒಗ್ಗಿಕೊಂಡರೆ ಕಷ್ಟ. ಮೊದಲು ಕೆಲವು ದಿನ ಹೊಸ ಕಾರ್ಬನ್ ಓಡಿಸಿ ಔಷಧಿಯನ್ನು ಹಿಡಿದುಕೊಳ್ಳಲು ಬಿಡಿ, ಆಮೇಲೆ ನೀರು ಬದಲಿಸಿ.