ಸೇಫ್‌ಕಾಸ್ಟ್: ನಮ್ಮ ದಾರಿಯ ವಿಕಿರಣವನ್ನು ನಾವೇ ಅಳೆದು ನೋಡಿದಾಗ

ವಿಕಿರಣ ತೋರಿಸುವ ಒಂದು ಆಪ್ ಮೊದಲು ಫೋನಿಗೆ ಹಾಕಿಕೊಂಡಿದ್ದೆ. ತೆರೆದರೆ ಕೆಂಪು ವೃತ್ತದೊಳಗೆ 38 ಅಂತ ದೊಡ್ಡದಾಗಿ ಬರುತ್ತಿತ್ತು, ಅಷ್ಟೇ. ಯಾವ ಲೆಕ್ಕದಲ್ಲಿ 38, ಯಾವತ್ತು ಅಳೆದದ್ದು, ಒಂದೂ ಇಲ್ಲ. ಅಮ್ಮ ಅದನ್ನು ನೋಡಿ ಮಕ್ಕಳನ್ನು ಅಂಗಳಕ್ಕೆ ಬಿಡಬೇಡ ಅಂದರು. ಅಮ್ಮನ ತಪ್ಪಲ್ಲ ಅದು. ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆಯವರು ನಾವು. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿಯುತ್ತಿದ್ದದ್ದು 2000ನೇ ಇಸವಿವರೆಗೂ ನಡೆಯಿತು. ಕಣ್ಣಿಗೆ ಕಾಣದ್ದು ಏನು ಮಾಡಬಲ್ಲದು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಜನರೇ ವಿಕಿರಣ ಅಳೆದು ನಕ್ಷೆಗೆ ಹಾಕುವ ಸೇಫ್‌ಕಾಸ್ಟ್ ಅನ್ನುವ ಗುಂಪು ಹುಟ್ಟಿದ್ದೂ ಇಂಥದೇ ಸಂಕಟದಲ್ಲಿ. 2011ರ ಮಾರ್ಚಿನಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದ ದುರಂತ ಆದಾಗ ತಮ್ಮ ಬೀದಿಯಲ್ಲಿ ವಿಕಿರಣ ಎಷ್ಟಿದೆ ಅಂತ ಜನರಿಗೆ ತಿಳಿಯುತ್ತಿರಲಿಲ್ಲ. ಆಗ ಸ್ವಯಂಸೇವಕರು ಕಾರಿನ ಕಿಟಕಿಗೆ ಮೀಟರ್ ಕಟ್ಟಿಕೊಂಡು ಊರೂರು ಸುತ್ತಿದರು. ಈಗ ಅವರ ನಕ್ಷೆಯಲ್ಲಿ 10 ಕೋಟಿಗೂ ಜಾಸ್ತಿ ಅಳತೆಗಳಿವೆ. ಯಾರು ಬೇಕಾದರೂ ಕೇಳದೆ ತೆಗೆದುಕೊಂಡು ಬಳಸಬಹುದು.

ಅವರ ಮೀಟರುಗಳಲ್ಲಿ ನನ್ನದು ಬಿಗೈಗಿ ನ್ಯಾನೊ. ಬಿಡಿ ಭಾಗಗಳಾಗಿ ಬಂದಿತ್ತು, ಬೆಸುಗೆ ಹಾಕಿ ನಾವೇ ಜೋಡಿಸಬೇಕಿತ್ತು. ಭಾವ ದುಬೈಯಿಂದ ಬರುವಾಗ ತಂದುಕೊಟ್ಟರು, ನನಗೆ ಎರಡು ಸಂಜೆ ಹಿಡಿಯಿತು. 5 ಸೆಕೆಂಡಿಗೊಮ್ಮೆ ಅಳತೆ, ಜಾಗ, ಸಮಯ ಮೂರನ್ನೂ ಕಾರ್ಡಿಗೆ ಬರೆದಿಡುತ್ತದೆ. ಪೆರ್ಲದಿಂದ ಬದಿಯಡ್ಕ ದಾಟಿ ಕಾಸರಗೋಡಿನವರೆಗೆ ಕಾರಿನ ಹೊರಗೆ ಕಟ್ಟಿಕೊಂಡು ಹೋದೆ. 40ರ ವೇಗದಲ್ಲಿ ಹೋದರೆ ಸುಮಾರು 55 ಮೀಟರಿಗೊಂದು ಚುಕ್ಕೆ. ಫೈಲು ಕಳಿಸಿದ ಮೇಲೆ ಅವರ ಕಡೆಯವರೊಬ್ಬರು ನೋಡಿ ಒಪ್ಪಬೇಕು, ಆಮೇಲೆಯೇ ನಕ್ಷೆಗೆ ಏರುವುದು. ನನಗೆ ಇದು ಬಹಳ ಹಿಡಿಸಿತು. ಯಾರೋ ಸುಮ್ನೆ ಏನೋ ತುಂಬಿ ಊರನ್ನು ಹೆದರಿಸುವ ಹಾಗಿಲ್ಲ ಅಲ್ವಾ.

ಮೀಟರಿನ ಪರದೆಯಲ್ಲಿ ನಿಮಿಷಕ್ಕೆ ಎಷ್ಟು ಎಣಿಕೆ (ವಿಕಿರಣ ಎಷ್ಟು ಸಲ ಮೀಟರಿಗೆ ಬಡಿಯಿತು) ಅನ್ನುವುದರ ಜೊತೆಗೆ ಗಂಟೆಗೆ ಎಷ್ಟು ಮೈಕ್ರೋ ಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ) ಅಂತಲೂ ಬರುತ್ತದೆ. ಎರಡೂ ಇರಲೇಬೇಕು. ಬರೀ ಎಣಿಕೆ ನಂಬಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ಅದು ಒಳಗಿರುವ, ವಿಕಿರಣ ಹಿಡಿಯುವ ಟ್ಯೂಬಿನ ಮೇಲೆ ನಿಂತಿದೆ. ಇದರ ಅಗಲ ಬಾಯಿಯ ಟ್ಯೂಬಿಗೆ ನಿಮಿಷಕ್ಕೆ 334 ಎಣಿಕೆ ಅಂದರೆ ಗಂಟೆಗೆ 1 ಮೈಕ್ರೋ ಸೀವರ್ಟ್. ಸಣ್ಣ ಟ್ಯೂಬಿನ ಬೇರೆ ಮೀಟರಿನಲ್ಲಿ ಅಷ್ಟೇ ಎಣಿಕೆ ಬಂದರೆ ವಿಕಿರಣ ಇನ್ನೂ ಜಾಸ್ತಿ ಇದೆ ಅಂತ ಅರ್ಥ. ನಮ್ಮ ಮನೆ ಜಗಲಿಯಲ್ಲಿ 37 ಎಣಿಕೆ, ಅಂದರೆ 0.11. ಲೋಕದಲ್ಲಿ ಬಹಳಷ್ಟು ಕಡೆ ಇರುವಂಥದ್ದೇ ಇದು. ನಮ್ಮದೇ ರಾಜ್ಯದ ಕೊಲ್ಲಂ ಜಿಲ್ಲೆಯ ಚವರ ಕರಾವಳಿಯಲ್ಲಿ ಮರಳಿನಲ್ಲೇ ಥೋರಿಯಂ ಇದೆ, ಅಲ್ಲಿ ಸಹಜವಾಗಿಯೇ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಒಂದು ಸಂಜೆ ಜೋರು ಮಳೆ ಬರುವಾಗ ಮೀಟರ್ ಹೊರಗೇ ಇತ್ತು, ನೋಡನೋಡುತ್ತಾ 0.11 ಇದ್ದದ್ದು 0.15ಕ್ಕೆ ಏರಿತು, ನನ್ನ ಎದೆ ಧಸಕ್ಕೆಂದಿತು. ಆಮೇಲೆ ಓದಿದಾಗ ಗೊತ್ತಾಯಿತು: ನೆಲದಿಂದ ಬರುವ ರೇಡಾನ್ ಅನಿಲ ಗಾಳಿಯಲ್ಲಿ ಒಡೆದು ಸೀಸ, ಬಿಸ್ಮತ್‌ನ ವಿಕಿರಣ ಸೂಸುವ ಕಣಗಳಾಗುತ್ತವೆ, ಮಳೆ ಅವನ್ನು ತೊಳೆದು ಕೆಳಗಿಳಿಸುತ್ತದೆ. ಸುಮಾರು ಅರ್ಧ ಗಂಟೆಗೆ ಅವು ಅರ್ಧಕ್ಕರ್ಧ ಕರಗುತ್ತವೆ. ಮಳೆ ನಿಂತು, ಊಟ ಮುಗಿಸಿ ಬಂದು ನೋಡಿದರೆ ಮತ್ತೆ 0.11. ಹಾಗಾಗಿ ಯಾವ ನಕ್ಷೆಯಲ್ಲೇ ಆಗಲಿ ಒಂದು ಚುಕ್ಕೆಯಲ್ಲಿ ವಿಕಿರಣ ಜಾಸ್ತಿ ಕಂಡರೆ ಮೊದಲು ದಿನ, ಹೊತ್ತು ನೋಡಿ, ಆ ಹೊತ್ತಿಗೆ ಮಳೆ ಇತ್ತಾ ಅಂತ ಕೇಳಿ.

ನಕ್ಷೆಯಲ್ಲಿ ಕಡಿಮೆ ಇದ್ದಲ್ಲಿ ನೀಲಿ, ಏರಿದಂತೆ ಕೆಂಪು, ಹಳದಿ. ನಮ್ಮ ದಾರಿ ಉದ್ದಕ್ಕೂ ನೀಲಿ. ಊರಿನ ವಾಚನಾಲಯದ ಹಳೇ ಮಾನಿಟರಿನಲ್ಲಿ ಈಗ ಅದನ್ನು ಹಾಕಿಟ್ಟಿದ್ದೇವೆ. ಪಕ್ಕದಲ್ಲಿ ಕನ್ನಡದಲ್ಲಿ ಕೈಯಿಂದ ಬರೆದ ಒಂದು ಹಾಳೆ ಅಂಟಿಸಿದ್ದೇನೆ: ಇಲ್ಲಿ ಮಾಮೂಲಿ ಎಷ್ಟು, ಮಳೆಯಲ್ಲಿ ಎಷ್ಟು, ಕೊನೆಯ ಸಲ ಅಳೆದದ್ದು ಯಾವತ್ತು. ಅಮ್ಮ ಮೊನ್ನೆ ಬಂದು ಓದಿದರು. ಆ ತಾರೀಕು ಹಳೇದಾಯಿತು, ಇನ್ನೊಮ್ಮೆ ಅಳೆದು ಬಾ ಅಂದರು.