ಹೋಮ್‌ಸ್ಟೇಯವರೇ, ‘ಸ್ಪೆಷಲ್ ಬಿಯರ್ ಗ್ಲಾಸ್’ ಮಾರಲು ಬಂದರೆ ಸ್ವಲ್ಪ ತಡೆಯಿರಿ

18,720 ರೂಪಾಯಿ. ಬರೀ ಗಾಜಿಗೆ. ಒಂದಕ್ಕೆ 780ರಂತೆ 24 ಗ್ಲಾಸು. ಆ ದುಡ್ಡಲ್ಲಿ ಮೇಲಿನ ರೂಮಿನ ಸೋರುವ ಮಾಡು ರಿಪೇರಿ ಮಾಡಿಸಬಹುದಿತ್ತು ಅಂತ ಹೆಂಡತಿ ಈಗಲೂ ಮಳೆ ಬಂದಾಗಲೆಲ್ಲ ನೆನಪಿಸುತ್ತಾಳೆ. ಮಡಿಕೇರಿ ಹತ್ತಿರದ ನಮ್ಮ ಗಾಳಿಬೀಡು ಕಡೆ ಮಳೆ ಎಷ್ಟು ಸಲ ಬರುತ್ತದೆ ಅಂತ ನಿಮಗೆ ಗೊತ್ತಲ್ಲ.

ನಮ್ಮದು ನಾಲ್ಕು ರೂಮಿನ ಹೋಮ್‌ಸ್ಟೇ. ಮದ್ಯ ಮಾರುವ ಲೈಸೆನ್ಸ್ ನಮಗಿಲ್ಲ, ಮಾರುವುದೂ ಇಲ್ಲ. ಗೆಸ್ಟ್‌ಗಳೇ ಬರುವ ದಾರಿಯಲ್ಲಿ ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಬಾಟಲಿ ತೆಗೆದುಕೊಂಡು ಬರುತ್ತಾರೆ. ನಾವು ಗ್ಲಾಸು, ಐಸು, ಜೊತೆಗೆ ಪಂದಿಕರಿ, ಅಂದರೆ ಕೊಡಗಿನ ಹಂದಿಮಾಂಸದ ಸಾರು, ಕೊಡುತ್ತೇವೆ. ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ, ಕ್ರಿಸ್‌ಮಸ್ ರಜೆಗೆ ಮೊದಲು, ಒಬ್ಬ ಸೇಲ್ಸ್‌ನವ ವ್ಯಾನಿನಲ್ಲಿ ಬಂದ. ಮಾತು ಬೆಣ್ಣೆ. ಹೆಸರು ಹೇಳುವುದಿಲ್ಲ. ಅವನು ಕೊಟ್ಟ ಹೆಸರೇ ನಿಜವೋ ಸುಳ್ಳೋ.

ಅವನು ಮಾಡಿದ ಡೆಮೋ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಜಗಲಿಯಲ್ಲೂ ಅದನ್ನೇ ಮಾಡುತ್ತಾನೆ. ಐಸ್ ಪೆಟ್ಟಿಗೆಯಿಂದ ಬಾಟಲಿ ತೆಗೆದ. ‘ಅಣ್ಣ, ನೀವು ದಿನಾ ಬಳಸುವ ಲೋಟ ಕೊಡಿ’ ಅಂದ. ಸ್ಟೀಲ್ ಲೋಟ ಕೊಟ್ಟೆ. ಅದಕ್ಕೆ ಅರ್ಧ ಸುರಿದು, ಬಾಟಲಿಯನ್ನು ಮುಚ್ಚಿ ಐಸಿಗೆ ವಾಪಸ್ ಇಟ್ಟು, ಪಾಠ ಶುರು ಮಾಡಿದ. ಅಮೆರಿಕದ ಸ್ಯಾಮ್ಯುಯೆಲ್ ಆಡಮ್ಸ್ ಕಂಪನಿ 2007ರಲ್ಲಿ ಲಾಗರ್ ಅನ್ನುವ ತನ್ನ ಬಿಯರಿಗೆಂದೇ ಗ್ಲಾಸ್ ಮಾಡಿಸಿತು, ತಳದಲ್ಲಿ ಲೇಸರ್‌ನಿಂದ ಕೊರೆದ ಉಂಗುರ, ಅಲ್ಲಿಂದ ಗುಳ್ಳೆ ಏಳುತ್ತಲೇ ಇರುತ್ತದೆ. ಜರ್ಮನಿಯ ಸ್ಪೀಗೆಲಾವ್ ಅನ್ನುವ ಗ್ಲಾಸ್ ಕಂಪನಿ 2013ರಲ್ಲಿ ಎರಡು ಅಮೆರಿಕನ್ ಬ್ರೂವರಿಗಳ ಜೊತೆ ಸೇರಿ ಐಪಿಎ ಅನ್ನುವ ಕಹಿ ಜಾಸ್ತಿಯ ಬಿಯರಿಗೆ ಬೇರೆಯೇ ಗ್ಲಾಸ್ ತಂದಿತು. ಬೆಲ್ಜಿಯಂನಲ್ಲಿ ಕ್ವಾಕ್ ಅನ್ನುವ ಬಿಯರನ್ನು ಮರದ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ಗ್ಲಾಸಿನಲ್ಲೇ ಕೊಡುತ್ತಾರೆ. ಹತ್ತು ನಿಮಿಷ ಆಗಿರಬೇಕು. ಆಮೇಲೆ ತನ್ನ ಚೀಲದಿಂದ ಉದ್ದ ಗ್ಲಾಸ್ ತೆಗೆದು, ಉಳಿದ ತಣ್ಣನೆಯ ಬಿಯರ್ ಅದಕ್ಕೆ ಸುರಿದು, ‘ಈಗ ಎರಡೂ ಕುಡಿದು ನೋಡಿ’ ಅಂದ.

ಲೋಟದಲ್ಲಿದ್ದದ್ದು ಬೆಚ್ಚಗಾಗಿ ಸಪ್ಪೆ ಹೊಡೆದಿತ್ತು. ಗ್ಲಾಸಿನಲ್ಲಿದ್ದದ್ದು ಜುಮ್ ಅಂತ ಇತ್ತು. ನಾನು ಮರುಳಾಗಿ ಒಪ್ಪಿಕೊಂಡೆ. ಹತ್ತು ನಿಮಿಷ ಹೊರಗಿಟ್ಟ ಬಿಯರಿಗೂ ಐಸಿನಿಂದ ಆಗಷ್ಟೇ ತೆಗೆದ ಬಿಯರಿಗೂ ವ್ಯತ್ಯಾಸ ಕಾಣಲು ಗ್ಲಾಸ್ ಯಾಕೆ ಬೇಕು ಅಂತ ಆ ಕ್ಷಣ ತಲೆಗೆ ಹೊಳೆಯಲಿಲ್ಲ. ಅವನು ಹೇಳಿದ ಇಸವಿಗಳನ್ನು ಆಮೇಲೆ ಹುಡುಕಿ ನೋಡಿದೆ, ಎಲ್ಲ ಸರಿಯಾಗೇ ಇದ್ದವು. ಆ ನಿಜಗಳ ಜೊತೆ ತನ್ನ ಗ್ಲಾಸನ್ನೂ ಸೇರಿಸಿ ಮಾರಿದ್ದ, ಅಷ್ಟೆ. ಇನ್ನೊಂದು ನಮೂನೆಯ ಪೈಂಟ್ ಗ್ಲಾಸ್ ಕೊಟ್ಟಿದ್ದ, ಬಾಯಿಯ ಕೆಳಗೆ ಉಬ್ಬು ಇರುವುದು. ಉಬ್ಬು ಪರಿಮಳವನ್ನು ಮೂಗಿಗೆ ತಿರುಗಿಸುತ್ತದಂತೆ. ಅಸಲಿಗೆ ಇಂಗ್ಲೆಂಡಿನ ಪಬ್‌ಗಳಲ್ಲಿ ಆ ಉಬ್ಬು ಬಂದದ್ದು ಒಂದರೊಳಗೊಂದು ಜೋಡಿಸಿಟ್ಟ ಗ್ಲಾಸು ಸಿಕ್ಕಿಹಾಕಿಕೊಳ್ಳದಿರಲಿ, ಅಂಚು ಚಕ್ಕೆ ಏಳದಿರಲಿ, ಒದ್ದೆ ಕೈಯಿಂದ ಜಾರದಿರಲಿ ಅಂತ. ಮೂಗಿಗೂ ಅದಕ್ಕೂ ಏನೂ ಸಂಬಂಧವಿಲ್ಲ.

ಮೊದಲ ಮರ್ಯಾದೆ ಹೋದದ್ದು ನೊರೆಯಲ್ಲಿ. ಬೆಂಗಳೂರಿನ ಆರು ಹುಡುಗರು ಬಂದಿದ್ದರು. ಗ್ಲಾಸ್ ನೋಡಿ ಫೋಟೋ ತೆಗೆದರು, ಸುರಿದರು, ನೊರೆ ಎದ್ದಿತು, ಫೋನು ಎತ್ತುವಷ್ಟರಲ್ಲಿ ಇಳಿದೇಹೋಯಿತು. ಎರಡನೇ ಸಲವೂ ಅದೇ. ‘ಅಂಕಲ್, ಬಿಯರ್ ಹಳೇದಾ?’ ಅಂತ ಕೇಳಿದರು, ತಂದವರು ಅವರೇ! ಕಾರಣ ಸಿಕ್ಕಿದ್ದು ಅಡುಗೆಮನೆಯ ಸಿಂಕಿನಲ್ಲಿ. ಪಂದಿಕರಿಯ ಪಾತ್ರೆ ತಿಕ್ಕಿದ ಸ್ಪಾಂಜಿನಲ್ಲೇ ಗ್ಲಾಸನ್ನೂ ತೊಳೆಯುತ್ತಿದ್ದೆವು. ಬಿಯರಿನ ನೊರೆ ನಿಲ್ಲುವುದು ಬಾರ್ಲಿಯ ಪ್ರೋಟೀನು ಮತ್ತು ಹಾಪ್ಸ್ ಅನ್ನುವ ಹೂವಿನ ಕಹಿ ಅಂಶದ ಬಲದಿಂದ. ಜಿಡ್ಡು ತಗುಲಿದರೆ ಮುಗಿಯಿತು. ಹಂದಿ ಕೊಬ್ಬಂತೂ ಕರಿಗೆ ಹಾಕುವ ಕಪ್ಪು ಹುಳಿ ಕಚಂಪುಳಿಗೂ ಬಗ್ಗುವುದಿಲ್ಲ. ತಿಂದ ತುಟಿಯಿಂದಲೂ ಗ್ಲಾಸಿಗೆ ಇಳಿಯುತ್ತದೆ.

ನಿಮ್ಮ ಗ್ಲಾಸು ಹೇಗಿದೆ ನೋಡಬೇಕೆಂದರೆ ಒಳಮೈ ಒದ್ದೆ ಮಾಡಿ ಪುಡಿ ಉಪ್ಪು ಉದುರಿಸಿ. ಶುದ್ಧವಾಗಿದ್ದ ಕಡೆ ಉಪ್ಪು ಸಮನಾಗಿ ಅಂಟುತ್ತದೆ, ಜಿಡ್ಡಿದ್ದ ಕಡೆ ಅಂಟುವುದಿಲ್ಲ. ನನ್ನ 780 ರೂಪಾಯಿಯ ಗ್ಲಾಸಿನಲ್ಲಿ ಉಪ್ಪು ಕೊಡಗಿನ ಮ್ಯಾಪಿನ ಹಾಗೆ ಅಲ್ಲಲ್ಲಿ ನಿಂತಿತ್ತು. ಬೇರೆ ಸ್ಪಾಂಜ್ ಇಟ್ಟು, ಚೆನ್ನಾಗಿ ಜಾಲಿಸಿ, ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಒಣಗಿಸಿದ ಮೇಲೆ ನಮ್ಮ ಹಳೇ ನೀರಿನ ಗ್ಲಾಸಿನಲ್ಲೂ ನೊರೆ ನಿಂತಿತು, ಕುಡಿದಷ್ಟಕ್ಕೂ ಒಳಮೈಯಲ್ಲಿ ಬಳೆಯಂತೆ ಗೆರೆ ಬಿಟ್ಟಿತು.

ಎರಡನೆಯದು ರಕ್ತದ ಕತೆ. ಗ್ಲಾಸನ್ನು ಫ್ರೀಜರಿನಲ್ಲಿಟ್ಟು ಮಂಜು ಹಿಡಿಸಿ ಕೊಡಿ ಅಂತ ಗೆಸ್ಟ್‌ಗಳು ಕೇಳುತ್ತಾರೆ. ‘ಬೊರೋಸಿಲಿಕೇಟ್ ಗಾಜು ಅಣ್ಣ, ಏನೂ ಆಗಲ್ಲ’ ಅಂದಿದ್ದ ಸೇಲ್ಸ್‌ನವ. ಒಂದು ರಾತ್ರಿ ಇಟ್ಟ ಎರಡು ಗ್ಲಾಸು ಯಾರೂ ಬಳಸದೆ ಅಲ್ಲೇ ಉಳಿದಿದ್ದವು. ಬೆಳಿಗ್ಗೆ ತೆಗೆದರೆ ಅಂಚಿನಲ್ಲಿ ಲಿಪ್‌ಸ್ಟಿಕ್ ಕಲೆ. ಹಂಡೆಯಿಂದ ಬಿಸಿನೀರು ಬಕೆಟ್ಟಿಗೆ ಬಿಟ್ಟುಕೊಂಡು ಅದ್ದಿದೆ. ಟಿಕ್ ಅಂತ ಸಣ್ಣ ಸದ್ದು, ಒಡೆದ ಹಾಗೂ ಅನಿಸಲಿಲ್ಲ. ನೀರು ಕೆಂಪಾದ ಮೇಲೆ ಕೈ ನೋಡಿಕೊಂಡೆ. ಹೆಬ್ಬೆರಳ ಬುಡದಲ್ಲಿ ನಾಲ್ಕು ಹೊಲಿಗೆ. ಮಡಿಕೇರಿಗೆ ಜೀಪು ಓಡಿಸಿದ್ದು ಹೆಂಡತಿ, ದಾರಿಯುದ್ದಕ್ಕೂ ಮಾಡಿನ ರಿಪೇರಿಯ ವಿಷಯ.

ಗಾಜು ಬಿಸಿಗೆ ಹಿಗ್ಗುತ್ತದೆ, ಒಂದು ಮೈ ಹಿಗ್ಗಿ ಇನ್ನೊಂದು ಹಾಗೇ ಇದ್ದರೆ ಸೀಳುತ್ತದೆ. ಬೊರೋಸಿಲಿಕೇಟ್ ಸಾಮಾನ್ಯ ಗಾಜಿನ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಹಿಗ್ಗುವುದರಿಂದ ತಡೆಯುತ್ತದೆ. ನನ್ನದು ಮಾಮೂಲಿ ಗಾಜಿಗೆ ಅಂಟಿಸಿದ ಚೀಟಿ ಅಂತ ಕಾಣುತ್ತದೆ. ಅಷ್ಟಕ್ಕೂ ಗ್ಲಾಸಿಗೆ ಮಂಜು ಹಿಡಿಸುವುದೇ ವ್ಯರ್ಥ. ಆ ಮಂಜು ಕರಗಿ ಬಿಯರಿಗೇ ನೀರಾಗುತ್ತದೆ, ಹರಳಿಗೆ ತಾಗಿ ನೊರೆ ಉಕ್ಕುತ್ತದೆ, ನಾಲಿಗೆ ಮರಗಟ್ಟಿ ರುಚಿ ತಿಳಿಯುವುದಿಲ್ಲ. ಡಿಸೆಂಬರಿನ ಗಾಳಿಬೀಡಿನಲ್ಲಿ ಯಾರಿಗೆ ಬೇಕು ಅದು?

ಹೊಲಿಗೆ ಬಿಚ್ಚಿದ ಮೇಲೆ ಹಟಕ್ಕೆ ಬಿದ್ದು ಒಂದು ಪರೀಕ್ಷೆ ಮಾಡಿದೆ. ಚಿಕ್ಕಪ್ಪನ ಕಣ್ಣಿಗೆ ಟವೆಲ್ ಕಟ್ಟಿ, ಒಂದೇ ಬಾಟಲಿಯಿಂದ ಸ್ಟೀಲ್ ಲೋಟ, ನೀರಿನ ಗ್ಲಾಸ್, ಸ್ಪೆಷಲ್ ಗ್ಲಾಸ್ ಮೂರಕ್ಕೂ ಸುರಿದು ಕೊಟ್ಟೆವು. ಸ್ಟೀಲ್ ಸೋತಿತು, ‘ತಗಡಿನ ವಾಸನೆ’ ಅಂದರು. ಉಳಿದೆರಡರಲ್ಲಿ ಒಮ್ಮೆ ಇದು, ಒಮ್ಮೆ ಅದು. ನಾಲ್ಕನೇ ಸಲ ಬೇಕೆಂದೇ ನೀರಿನ ಗ್ಲಾಸಿಗೆ ಹೊಸ ತಣ್ಣನೆಯ ಬಾಟಲಿಯಿಂದ ಸುರಿದೆ. ‘ಇದೇ ನೋಡು ನಿನ್ನ ಫಾರಿನ್ ಗ್ಲಾಸು’ ಅಂದರು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಅಣ್ಣನ ಮಗ ಬೆಂಗಳೂರಿನಿಂದ ಗೋಧಿ ಬಿಯರ್ ತಂದಿದ್ದ, ಲವಂಗ, ಬಾಳೆಹಣ್ಣಿನ ಪರಿಮಳದ್ದು. ಉದ್ದ ಗ್ಲಾಸಿಗೆ ಸುರಿದಾಗ ದಪ್ಪ ನೊರೆಯ ಮೇಲೆ ಆ ಪರಿಮಳ ಚೆನ್ನಾಗಿ ಬಂತು, ನೀರಿನ ಗ್ಲಾಸಿನಲ್ಲಿ ಅಷ್ಟು ಬರಲಿಲ್ಲ. ಜರ್ಮನ್ನರು ಅರ್ಧ ಲೀಟರಿನ ಆ ಗ್ಲಾಸನ್ನು ಸುಮ್ಮನೆ ಮಾಡಿಲ್ಲ. ಆದರೆ ನಮ್ಮ ಗೆಸ್ಟ್‌ಗಳಲ್ಲಿ ಹೆಚ್ಚಿನವರು ತರುವುದು 650 ಎಂಎಲ್ ಸ್ಟ್ರಾಂಗ್ ಲಾಗರ್. ಅದರಲ್ಲಿ ಹಿಡಿದಿಡುವಂಥ ಪರಿಮಳ ಕಡಿಮೆ, ಮೇಲಾಗಿ ಬಾಟಲಿ ಪೂರ್ತಿ ಈ ಗ್ಲಾಸಿಗೆ ಹಿಡಿಸುವುದೂ ಇಲ್ಲ. ಲೇಸರ್ ಗೀರಿರುವ ತಳದಲ್ಲಿ ಗುಳ್ಳೆ ಚೆಂದ ಏಳುತ್ತದೆ ನಿಜ, ಹಾಗೆ ಎದ್ದುಹೋಗುವುದು ಬಿಯರಿನೊಳಗಿನ ಗ್ಯಾಸೇ. ನಿಧಾನ ಕುಡಿಯುವವರಿಗೆ ಬೇಗ ಸಪ್ಪೆ.

‘ಒಡೆದರೆ ಬದಲಿ’ ಅನ್ನುವ ಮಾತನ್ನು ನಂಬಿದ್ದೆ. ಅವನು ಕೊಟ್ಟದ್ದು ಜಿಎಸ್‌ಟಿ ನಂಬರಿಲ್ಲದ ಚೀಟಿ, ಒಂದು ರಬ್ಬರ್ ಸೀಲು, ವಿಳಾಸ ಇಲ್ಲ. ಮೊದಮೊದಲು ಫೋನ್ ರಿಂಗಾಗುತ್ತಿತ್ತು, ಈಗ ಸ್ವಿಚ್ ಆಫ್. 24ರಲ್ಲಿ ಉಳಿದದ್ದು 15. ಉದ್ದನೆಯವು ತಲೆಭಾರಕ್ಕೆ ಜಗಲಿಯ ಟೇಬಲ್ಲಿನಿಂದ ತಾವೇ ಉರುಳುತ್ತವೆ.

ಮೊನ್ನೆ ಗೋಣಿಕೊಪ್ಪದ ಗೆಳೆಯ ಫೋನ್ ಮಾಡಿ, ‘ಒಳ್ಳೇ ಗ್ಲಾಸ್ ಬಂದಿದೆ ಮಾರಾಯ, ಡೆಮೋನೂ ತೋರಿಸಿದ’ ಅಂದ. ಲೋಟಕ್ಕೆ ಮೊದಲು ಸುರಿದನಾ ಅಂತ ಕೇಳಿದೆ. ಹೌದು ಅಂದ. ದುಡ್ಡು ಕೊಡಬೇಡ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಅರ್ಧ ಕೊಟ್ಟಾಗಿದೆ’ ಅಂದ.