ಬಾತುಕೋಳಿಗೆ ತಂದ ಕರೀ ಟಬ್ಬು: ಟಬ್ಬು ಚಲೋ, ಬೂಚು ದಂಡ

ಗಂಗಾವತಿಯಾಗ ಪ್ಲಾಸ್ಟಿಕ್ ಸಾಮಾನಿನ ಅಂಗಡ್ಯಾಗ ಸಿಗೋ 100 ಲೀಟರಿನ ಕರೀ ಟಬ್ಬು, ತಳದಾಗ ನೀರು ಬಿಡೋ ತೂತು ಇರೋದು, ಅದರ ಬಗ್ಗೆ ಬರಿಯಾಕತ್ತೀನಿ. 900 ಹೇಳಿದ್ರು, ಚೌಕಾಸಿ ಮಾಡಿದ ಮ್ಯಾಲ 850ಕ್ಕ ಬಂತು. ನಮ್ಮನ್ಯಾಗ ಖಾಕಿ ಕ್ಯಾಂಪ್‌ಬೆಲ್ ಜಾತಿ ಬಾತುಕೋಳಿ ಆರು ಅದಾವು, ಹಿತ್ತಲದಾಗ ಒಂದಿಷ್ಟು ಕಾಯಿಪಲ್ಯ.

ಕೋಳಿಗೆ ಇಡೋ ನೀರಿನ ಡಬ್ಬಿ ಸಾಲ್ದೇನು ಅಂತ ಭಾಳ ಮಂದಿ ಕೇಳ್ತಾರ. ಸಾಲಂಗಿಲ್ಲ. ಬಾತುಕೋಳಿಗೆ ತಲಿ ಪೂರ್ತಿ ಮುಳುಗಬೇಕು, ಕಣ್ಣು ಮೂಗು ತೊಳಕೊಳ್ಳೋದ ಹಂಗ. ಈ ಟಬ್ಬು ಒಂದೂವರಿ ಗೇಣು ಆಳ ಐತಿ, ಅಂಚು ದುಂಡಗ, ಕಾಲಿಗೆ ಚುಚ್ಚಂಗಿಲ್ಲ, ಹೊರಗೊಂದು ಒಳಗೊಂದು ಇಟ್ಟಂಗಿ ಇಟ್ರ ತಾವ ಹತ್ತಿ ಇಳಿತಾವು.

ಥಂಡ್ಯಾಗ ನೀರಿಗೆ ಬಿಟ್ರ ನೆಗಡಿ ಆಗತೈತಿ ಅಂತ ನಮ್ಮತ್ತಿ ಶುರುವಿಗೆ ಬೈತಿದ್ರು, ಆದ್ರ ಡಿಸೆಂಬರ್ ಮುಂಜಾನಿ ನಾವು ಶಾಲು ಹೊದ್ಕಂಡು ನಡುಗ್ತಿರ್ತೀವಿ, ಅವು ನೋಡಿದ್ರ ತಲಿ ಮುಳುಗಿಸಿ ಬೆನ್ನ ಮ್ಯಾಲ ನೀರು ಚೆಲ್ಕೊಂತಿರ್ತಾವು, ಬಾಲದ ಬುಡದಾಗ ಎಣ್ಣಿ ಗಂಟು ಇರ್ತೈತಿ, ಅದನ್ನ ಕೊಕ್ಕಿಲೆ ಒತ್ತಿ ಒತ್ತಿ ಪುಕ್ಕಕ್ಕೆಲ್ಲ ಸವರಿಕೊಳ್ತಾವು, ನೀರು ಹನಿಯಾಗಿ ಜಾರಿ ಬೀಳ್ತೈತಿ ಅಷ್ಟ. ಅವುಕ್ಕ ತ್ರಾಸು ಕೊಡೋದು ರಾತ್ರಿ ಹಸಿ ನೆಲ. ಅದಕ್ಕ ಟಬ್ಬು ಗೂಡಿಂದ ದೂರ ಇಡ್ರಿ, ಗೂಡಿನಾಗ ನೆಲ್ಲಿನ ಹೊಟ್ಟು ದಪ್ಪಗ ಹಾಸ್ರಿ (ಇಷ್ಟು ರೈಸ್‌ಮಿಲ್ ಇರೋ ಊರಾಗ ಹೊಟ್ಟಿಗೇನು ಬರ). ರಾತ್ರಿ ನೀರು ಇಡಂಗಿಲ್ಲಂದ್ರ ಕಾಳೂ ಇಡಬ್ಯಾಡ್ರಿ, ನೀರಿಲ್ದ ಒಣ ಕಾಳು ಗಂಟ್ಲಾಗ ಸಿಗಾಕ್ಕೊಂತೈತಿ.

ಈಗ ಬೂಚಿನ ಕತಿ. ವಾಷರ್ ಹಪ್ಪಳದಂಗ ತೆಳ್ಳಗ ಐತಿ. ಬಾತುಕೋಳಿ ಸುಮ್ನ ಇರ್ತಾವೇನು, ಮಣ್ಣು ಕೆದರಿದ ಕೊಕ್ಕು ತಂದು ನೀರಾಗ ಅದ್ದತಾವು, ಆ ರಾಡಿ ತೂತಿನಾಗ ಕುಂತು ಬೂಚು ಕೂಡಂಗಿಲ್ಲ, ಸೋರಿ ಸೋರಿ ಮುಂಜಾನಿಗೆ ಅರ್ಧ ಖಾಲಿ. ಅಂಗಡ್ಯಾಗ ಕೇಳಿದ್ರ "ಬಟ್ಟಿ ನೆನಸಾಕ ಮಾಡಿದ್ದು ಅದು, ಬಾತುಕೋಳಿಗೆ ಅಂತ ಯಾರು ಹೇಳಿದ್ರು" ಅಂದ. ಮಾತು ಖರೇನ, ಆದ್ರ ಬಟ್ಟಿ ನೆನಸಾಕೂ ನೀರು ನಿಲ್ಲಬೇಕಲ್ಲಪ್ಪ! ಕಡೀಕ ಬೂಚು ಕಿತ್ತು ಒಗದು ಒಂದಿಂಚಿನ ವಾಲ್ವ್ ಕೂಡಿಸಿದ್ವಿ.

ವಾಲ್ವ್ ಬಂದ ಮ್ಯಾಲ ಟಬ್ಬಿನ ಬೆಲಿ ತಿಳೀತು ನೋಡ್ರಿ. ಟಬ್ಬು ನಾಕು ಇಟ್ಟಂಗಿ ಎತ್ತರಕ್ಕ ಇಟ್ಟು ಪೈಪು ಹಚ್ಚಿದ್ರ (ಮೆಟ್ಟಲಕ್ಕ ಇನ್ನೆರಡು ಇಟ್ಟಂಗಿ ಬೇಕಾಗ್ತಾವು) ಹೊಲಸು ನೀರು ಸೀದಾ ಬದ್ನಿ, ನುಗ್ಗಿ, ಬಾಳಿ ಬುಡಕ್ಕ ಹೋಗತೈತಿ, ಹಿಕ್ಕಿ ಕಲತ ನೀರು, ಬ್ಯಾರೆ ಗೊಬ್ಬರ ಭಾಳ ಬೇಕಾಗಿಲ್ಲ. ಹಸೇದು ತಿನ್ನೋ ಮೂಲಂಗಿ, ಸೌತಿಕಾಯಿ, ಕೊತ್ತಂಬರಿಗೆ ಮಾತ್ರ ಬಿಡಬ್ಯಾಡ್ರಿ. 2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗಿಂದ ನಮ್ಮ ಕಡೆ ನೀರು ಚೆಲ್ಲಾಕ ಯಾರಿಗೂ ಮನಸ್ಸು ಬರಂಗಿಲ್ಲ, ಹಂಗಾಗಿ ಒಂದ ನೀರು ಎರಡು ಕೆಲಸಕ್ಕ ಬಂದ್ರ ಅತ್ತಿನೂ ಬೈಯೋದು ಬಿಟ್ಟಾರ. ಮೆಂತೆ ಮಡಿಗೆ ಬಲಿ ಕಟ್ರಿ, ಟಬ್ಬಿಂದ ಎದ್ದ ಬಾತುಕೋಳಿ ಸೀದಾ ಅಲ್ಲಿಗೇ ಹೋಗತಾವು.

ದೊಡ್ಡ ಪೆಕಿನ್ ಜಾತಿ ಬಾತುಕೋಳಿ ಸಾಕಿದೋರಿಗೆ ಇದು ಸಣ್ಣದು, ಎರಡು ಕುಂತ್ರ ಮೂರನೇದಕ್ಕ ಜಾಗ ಇಲ್ಲ. ನನ್ನ ಕಡಿಂದ ಟಬ್ಬಿಗೆ 5ಕ್ಕ 3 ಮಾರ್ಕು. ಬೂಚು ಇಲ್ಲದ್ದು ಕಡಿಮಿಗೆ ಕೊಡ್ತೀರೇನು ಅಂತ ಮೊದಲ ಕೇಳ್ರಿ, ವಾಲ್ವ್ ಹೆಂಗೂ ಹಾಕಿಸಬೇಕು.